ಕತ್ತರಿ ಮುಟ್ಟದ ಹಳದಿ ಪಟ್ಟಿ

ಹರಳೆಣ್ಣೆಯ ವಾಸನೆ. ದೊಡ್ಡಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು. ಅಜ್ಜಿಯ ಮನೆಯ ಹಿತ್ತಿಲ ಮೆಟ್ಟಿಲು, ಊದಿಕೊಂಡ ಪುಟ್ಟ ಕೈ, ಅದರಲ್ಲಿ ಸಿಕ್ಕಿಕೊಂಡ ಬಳೆ. ಅಜ್ಜಿ ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, "ಬೆಕ್ಕಿನ ಮರಿಗಳು ಕಣ್ಣು ಬಿಟ್ಟವಾ ಮಗಾ?" ಎಂದು ಕೇಳುತ್ತಿದ್ದರು. ಮರಿಗಳ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಬಳೆ ಅಜ್ಜಿಯ ಕೈಯಲ್ಲಿರುತ್ತಿತ್ತು. ನೋವೂ ಇಲ್ಲ, ಬಿರುಕೂ ಇಲ್ಲ.

"ಮೇಡಂ, ಲ್ಯಾಬಲ್ಲಿ ಯಾವುದನ್ನೂ ಮೂಗಿಗೆ ಹಿಡಿದು ಮೂಸಬೇಡಿ ಅಂತ ನೀವೇ ಬೈತಿದ್ರಿ."

"ಅದು ನಿನ್ನ ಮೂಗು ಉಳೀಲಿ ಅಂತ ಹೇಳಿದ್ದು. ನನ್ನ ಮೂಗಿಗೆ ಮುಂದೇನೂ ಕೆಲಸವಿಲ್ಲ."

ಸಬ್‌ಇನ್ಸ್‌ಪೆಕ್ಟರ್ ನಕ್ಕ. ಕಾಲೇಜಿನಲ್ಲಿ ದೊಡ್ಡಮ್ಮನ ರಸಾಯನಶಾಸ್ತ್ರದ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು. ಉದ್ದಕ್ಕೆ, ತೆಳ್ಳಗೆ ಇದ್ದುದರಿಂದ ಆಗಲೇ 'ಕೋಲು' ಎಂದು ಹೆಸರಾಗಿತ್ತು. ಸಮವಸ್ತ್ರ ಬಂದ ಮೇಲೂ ಹೆಸರು ಬಿಟ್ಟುಹೋಗಲಿಲ್ಲ.

ದೊಡ್ಡಮ್ಮನ ಅಂಗೈಯಲ್ಲಿದ್ದುದು ಬಳೆಯಲ್ಲ. ರೋಗಿಗಳ ಮಣಿಕಟ್ಟಿಗೆ ಆಸ್ಪತ್ರೆಯವರು ಹಾಕುವ ಹಳದಿ ಪ್ಲಾಸ್ಟಿಕ್ ಪಟ್ಟಿ. ಒಮ್ಮೆ ಗುಂಡಿ ಒತ್ತಿ ಕೂರಿಸಿದರೆ ಕತ್ತರಿಸದ ಹೊರತು ಬಿಚ್ಚಲಾಗದು. ಅದು ಈಗಷ್ಟೇ ವಾರ್ಡಿನ ಈ ಖಾಲಿ ಹಾಸಿಗೆಯ ಕೆಳಗೆ ಸಿಕ್ಕಿತ್ತು. ಪಟ್ಟಿಯ ಮೇಲೆ ಇಲ್ಲಿ ಮಲಗಿದ್ದ ಮುದುಕಿಯ ಹೆಸರಿತ್ತು. ಮುದುಕಿ ಮಾತ್ರ ನಿನ್ನೆ ಬೆಳಗ್ಗೆಯಿಂದ ಇರಲಿಲ್ಲ.

"ಬಿಲ್ಲು ಕಟ್ಟೋಕಾಗದೆ ಓಡಿಹೋದರು ಅಂತ ಆಸ್ಪತ್ರೆಯವರು ಹೇಳ್ತಾರೆ," ಎಂದ ಕೋಲು.

"ಓಡಿಹೋದರಂತೆ!" ಮಂಚದ ಆಚೆ ನಿಂತಿದ್ದ ಮುದುಕಿಯ ಮಗಳು ತಟ್ಟನೆ ತಿರುಗಿದಳು. ದೂರದ ಊರಿನಿಂದ ತಾಯಿಯನ್ನು ಕರೆತಂದಿದ್ದ ದರ್ಜಿ ಹೆಂಗಸು. ದೊಡ್ಡಮ್ಮ ತಮ್ಮ ಮನೆಯ ಹಿಂದಿನ ಕೋಣೆಯನ್ನು ರೋಗಿಗಳ ಕಡೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅಲ್ಲೇ ಇಳಿದಿದ್ದಳು. "ಸೊಂಟದ ಮೂಳೆ ಮುರಿದು ಆಪರೇಷನ್ ಆದೋರು ಓಡಿಹೋಗ್ತಾರಾ ಸಾರ್? ನೋಡಿ, ಅಮ್ಮ ಹಿಡ್ಕೊಂಡು ನಡೆಯೋ ಸ್ಟ್ಯಾಂಡು ಇಲ್ಲೇ ಇದೆ."

ನಾಲ್ಕು ಕಾಲಿನ ಆ ಸ್ಟ್ಯಾಂಡು ಗೋಡೆಗೆ ಒರಗಿ, ಯಜಮಾನಿಗಾಗಿ ಕಾಯುತ್ತಿರುವಂತೆ ನಿಂತಿತ್ತು. ಅದರ ಹಿಡಿಗೆ ಮೆತ್ತನೆ ಹೂವಿನ ಬಟ್ಟೆ ಸುತ್ತಿ ಹೊಲಿದಿದ್ದರು. ಮಗಳ ಕೆಲಸವೇ ಇರಬೇಕು.

ದೊಡ್ಡಮ್ಮ ಮಂಚದ ಪಕ್ಕದ ಪುಟ್ಟ ಬೀರು ತೆರೆದರು. ಬಾಚಣಿಗೆ, ಒಂದು ಲೋಟ, ಹರಳೆಣ್ಣೆಯ ಶೀಶೆ.

"ಅಮ್ಮನ ಅಂಗಾಲಿಗೆ ಹಚ್ಚೋಕೆ ತಂದಿದ್ದು," ಎಂದಳು ಮಗಳು.

ದೊಡ್ಡಮ್ಮ ಮುಚ್ಚಳ ತಿರುಗಿಸಿದರು. ಬರಲಿಲ್ಲ. ಕೋಲಿನ ಕೈಗೆ ಕೊಟ್ಟರು. ಅವನಿಗೂ ಸ್ವಲ್ಪ ಬಲ ಹಾಕಬೇಕಾಯಿತು.

"ಇಷ್ಟು ಬಿಗಿ ಯಾಕಮ್ಮಾ?"

ಮಗಳು ಶೀಶೆಯನ್ನೇ ನೋಡಿದಳು. "ನಾನು ಯಾವತ್ತೂ ಬಿಗಿ ಮಾಡಲ್ಲ ದೊಡ್ಡಮ್ಮಾ. ಅಮ್ಮನ ಕಿರುಬೆರಳು ಚಿಕ್ಕಂದಿನಿಂದಲೂ ಸೊಟ್ಟ. ಹಿಡಿತ ಸಾಲದು. ಸುಮ್ಮನೆ ಮೇಲೆ ಕೂರಿಸಿ ಇಡ್ತೀನಿ."

"ಹಾಗಾದರೆ ಬೇರೆ ಯಾರೋ ಮುಟ್ಟಿದ್ದಾರೆ. ಮುಟ್ಟಿ, ಚೆಲ್ಲದ ಹಾಗೆ ಮುಚ್ಚಿಟ್ಟೂ ಹೋಗಿದ್ದಾರೆ." ದೊಡ್ಡಮ್ಮ ಪಟ್ಟಿಯನ್ನು ಕೋಲಿನ ಮುಂದೆ ಹಿಡಿದರು. "ನೋಡು. ಎಲ್ಲೂ ಕತ್ತರಿಸಿಲ್ಲ. ಎಣ್ಣೆ ಹಚ್ಚಿ, ಕೈ ಮಡಿಸಿ, ಬಳೆ ಜಾರಿಸೋ ಹಾಗೆ ಜಾರಿಸಿದ್ದಾರೆ. ಒರಟು ಕೈಗೆ ಇದು ಸಾಧ್ಯವಿಲ್ಲ. ಕೈ ಕೊಟ್ಟವರಿಗೂ ನಂಬಿಕೆ ಇರಬೇಕು."

"ಅಷ್ಟು ಕಷ್ಟ ಯಾಕೆ ಮೇಡಂ? ಒಂದು ಕತ್ತರಿ ಸಾಕಲ್ಲ?"

"ಅದೇ ನನ್ನ ಪ್ರಶ್ನೆ. ಉತ್ತರ ಬರೆಯೋಕೆ ನಿನಗೆ ಸಮಯ ಕೊಡ್ತೀನಿ."

"ಪರೀಕ್ಷೆ ಮುಗಿದು ಇಷ್ಟು ವರ್ಷ ಆದಮೇಲೂ ಬಿಡಲ್ಲ ನೀವು!"

ಆಗ ವಾರ್ಡಿನ ಹಿರಿಯ ಸಿಸ್ಟರ್ ಬಂದರು. ದಪ್ಪ ಕನ್ನಡಕ, ಸದ್ದಿಲ್ಲದ ಚಪ್ಪಲಿ. ಮಗಳನ್ನು ನೋಡಿ ಅವರ ಕೈ ತಾನಾಗಿ ಏಪ್ರನ್ನಿನ ಜೇಬಿಗೆ ಹೋಯಿತು. ಹೊರಗೆ ಬಂದುದು ಕವರಿನಲ್ಲಿದ್ದ ಒಂದು ಇಂಜೆಕ್ಷನ್.

"ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಕೊಡೋದು," ಎಂದರು ದೊಡ್ಡಮ್ಮನಿಗೆ. "ನಿನ್ನೆ ಕೊಡೋಕೆ ಬಂದಾಗ ಹಾಸಿಗೆ ಖಾಲಿ. ಆಗಿನಿಂದ ಜೇಬಲ್ಲೇ ಇಟ್ಕೊಂಡು ಓಡಾಡ್ತಿದೀನಿ. ಎಲ್ಲಿ ಕಂಡರೆ ಅಲ್ಲೇ ಕೊಟ್ಟುಬಿಡೋಣ ಅಂತ."

"ಇವತ್ತೂ ತಪ್ಪಿದರೆ?"

ಸಿಸ್ಟರ್ ಮಗಳ ಕಡೆ ನೋಡಿ ಇಂಜೆಕ್ಷನ್ನನ್ನು ಮತ್ತೆ ಜೇಬಿಗೆ ತುರುಕಿದರು.

ದೊಡ್ಡಮ್ಮ ಅವರನ್ನು ಮೆಲ್ಲನೆ ಕಿಟಕಿಯ ಬಳಿಗೆ ಕರೆದೊಯ್ದರು. ಕೋಲು ಹಿಂದೆಯೇ ಬಂದ.

"ಈ ವಾರ್ಡಲ್ಲಿ ಎಲ್ಲರ ಕೈಯಲ್ಲೂ ಹಳದಿ. ಕೆಳಗಡೆ ಎಲ್ಲರ ಕೈಯಲ್ಲೂ ನೀಲಿ. ಯಾಕೆ ಸಿಸ್ಟರ್?"

"ಹೊಸ ಪದ್ಧತಿ. ನೀಲಿ ಅಂದ್ರೆ ಊರಿನವರು, ಹಳದಿ ಅಂದ್ರೆ ಹೊರಗಿನವರು."

"ಕಾಯಿಲೆಗೆ ಊರು ಗೊತ್ತಾಗುತ್ತಾ?"

"ಕಾಯಿಲೆಗೆ ಗೊತ್ತಾಗಲ್ಲ, ದುಡ್ಡಿಗೆ ಗೊತ್ತಾಗುತ್ತೆ." ಸಿಸ್ಟರ್ ದನಿ ತಗ್ಗಿಸಿದರು. "ಮೊದಲೆಲ್ಲ ಎಷ್ಟು ದಿನ ಇದ್ದರೋ, ಎಷ್ಟು ಪರೀಕ್ಷೆ ಆಯಿತೋ ಅಷ್ಟು ಬಿಲ್ಲು. ಈಗ ಊರಿನವರಿಗೆ ಆರೋಗ್ಯ ನಿಧಿಯವರು ಒಂದು ಕಾಯಿಲೆಗೆ ಒಂದೇ ಗಂಟು ಅಂತ ಕೊಡ್ತಾರೆ. ಸೊಂಟ ಅಂದ್ರೆ ಇಷ್ಟು, ಮುಗೀತು. ಬೇಗ ಮನೆಗೆ ಕಳಿಸಿದರೆ ಆಸ್ಪತ್ರೆಗೆ ಉಳಿತಾಯ. ಹೆಚ್ಚು ದಿನ ಇಟ್ಕೊಂಡರೆ ನಷ್ಟ."

"ಹೊರಗಿನವರಿಗೆ?"

"ಅವರ ಊರಿನ ನಿಧಿಗೂ ನಮಗೂ ಈ ಒಪ್ಪಂದ ಇಲ್ಲ. ಅವರಿಗೆ ಹಳೇ ಲೆಕ್ಕವೇ. ಮೊದಲು ಕೈಯಿಂದ ಕಟ್ಟಿ, ಆಮೇಲೆ ಊರಿಗೆ ಹೋಗಿ ಕೇಳ್ಕೋಬೇಕು."

"ಅಂದ್ರೆ ನೀಲಿಯವರಲ್ಲಿ ಕಳ್ಕೊಂಡಿದ್ದನ್ನ ಹಳದಿಯವರಲ್ಲಿ ಹುಡುಕ್ತಾರೆ," ಎಂದ ಕೋಲು.

ಸಿಸ್ಟರ್ ಒಮ್ಮೆ ಬಾಗಿಲ ಕಡೆ ನೋಡಿದರು. "ಈ ಅಜ್ಜಿ ಯಾವತ್ತೋ ಮನೆಗೆ ಹೋಗಬೇಕಿತ್ತು. ಇನ್ನೊಂದು ಸ್ಕ್ಯಾನ್, ಮತ್ತೊಂದು ರಕ್ತ ಪರೀಕ್ಷೆ ಅಂತ ಇಟ್ಕೊಂಡರು. ಅದೇ ಮೂಳೆ, ಅದೇ ಡಾಕ್ಟರು. ಕೆಳಗಿನವರನ್ನ ಹೊಲಿಗೆ ಹಸಿ ಇರೋವಾಗಲೇ ಕಳಿಸ್ತಾರೆ, ಮೇಲಿನವರನ್ನ ಒಣಗಿದರೂ ಬಿಡಲ್ಲ. ನನಗೆ ಇಬ್ಬರನ್ನ ಕಂಡರೂ ಪಾಪ ಅನ್ಸುತ್ತೆ."

"ನಿನ್ನೆ ಬೆಳಗ್ಗೆ ಇಷ್ಟು ಜನ ಇರೋ ವಾರ್ಡಿಂದ ಒಬ್ಬರನ್ನ ಕರ್ಕೊಂಡು ಹೋದರೆ ಯಾರಿಗೂ ಕಾಣಲಿಲ್ವಾ?" ಎಂದರು ದೊಡ್ಡಮ್ಮ.

"ನಾವ್ಯಾರೂ ಇಲ್ಲಿರಲಿಲ್ಲ. ನಿಧಿಯವರು ತಪಾಸಣೆಗೆ ಬಂದಿದ್ರು. ಹಾಸಿಗೆ ಸರಿ ಮಾಡೋಕೆ ಎಲ್ಲರನ್ನೂ ಕೆಳಗೆ ಕರೆದಿದ್ರು."

"ಬೇರೆ ರೋಗಿಗಳು?"

"ಗಾಲಿಕುರ್ಚಿಯಲ್ಲಿ ಒಬ್ಬರನ್ನ ತಳ್ಕೊಂಡು ಹೋದರು ಅಂತಾರೆ. ಇಲ್ಲಿ ದಿನಾ ಸ್ಕ್ಯಾನಿಗೆ ತಳ್ಕೊಂಡು ಹೋಗ್ತಾನೇ ಇರ್ತಾರೆ. ಯಾರು ಮುಖ ನೋಡ್ತಾರೆ?"

ದೊಡ್ಡಮ್ಮ ಕನ್ನಡಕ ಒರೆಸಿಕೊಂಡರು. ಏನೋ ಹೊಳೆದಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು. "ತಪಾಸಣೆಯವರು ಏನು ನೋಡ್ತಾರೆ?"

"ದುಡ್ಡು ತಗೊಂಡ ಕಾಯಿಲೆಯವರು ನಿಜವಾಗಲೂ ಮಲಗಿದಾರಾ, ಆಪರೇಷನ್ ಆಗಿದೆಯಾ ಅಂತ. ಗಾಯದ ಪಟ್ಟಿ ಬಿಚ್ಚಿಸಿ ನೋಡ್ತಾರೆ."

"ಕೆಳಗೆ ಸೊಂಟದ ಆಪರೇಷನ್ ಆದ ಅಜ್ಜಿಯರು ಇದ್ರಾ?"

"ಒಬ್ಬರು. ಕಿಟಕಿ ಪಕ್ಕ."

"ಅವರ ಮುಖ ನೋಡಿದಿರಾ?"

"ಇಲ್ಲ... ಗೋಡೆ ಕಡೆ ತಿರುಗಿ ಹೊದ್ಕೊಂಡಿದ್ರು. ಅದು ನನ್ನ ವಾರ್ಡಲ್ಲವಲ್ಲ. ಮಧ್ಯಾಹ್ನ ಹೋದಾಗ ಡಿಸ್ಚಾರ್ಜ್ ಆದರು ಅಂದ್ರು."

ಹಾಗೆಂದವರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡಂತೆ ಬೆಚ್ಚಿದರು. ದೊಡ್ಡಮ್ಮ ಅವರ ಮೊಣಕೈ ಮುಟ್ಟಿದರು. "ನಿಮ್ಮ ತಪ್ಪಲ್ಲ. ಆ ಇಂಜೆಕ್ಷನ್ ಜೇಬಲ್ಲೇ ಇರಲಿ. ಬೇಕಾಗುತ್ತೆ."

*

ಬಿಲ್ಲಿನ ವಿಭಾಗದ ಮುಖ್ಯಸ್ಥರನ್ನು ಆಸ್ಪತ್ರೆಯೆಲ್ಲ 'ಬೀಗದ ಸಾಹೇಬರು' ಎನ್ನುತ್ತಿತ್ತು. ಅವರ ಸಹಿ ಇಲ್ಲದೆ ಯಾರೂ ಗೇಟು ದಾಟುವಂತಿರಲಿಲ್ಲ. ರೋಗಿಗಳ ಕೈಗೆ ಪಟ್ಟಿ ಹಾಕುವುದೂ ಅವರ ಕೌಂಟರಿನಲ್ಲೇ. ನೀಲಿ ಸುರುಳಿ, ಹಳದಿ ಸುರುಳಿ ಎರಡೂ ಅವರ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಕಾಣುತ್ತಿದ್ದವು.

"ಬನ್ನಿ, ಬನ್ನಿ. ಅಮ್ಮನ್ನ ಎಲ್ಲಿ ಬಚ್ಚಿಟ್ಟಿದೀರಿ ಅಂತ ಹೇಳೋಕೆ ಬಂದ್ರಾ?" ಎಂದರು ಮಗಳನ್ನು ಕಂಡ ಕೂಡಲೇ.

"ಸಾರ್, ಅಮ್ಮನಾಣೆ..."

"ಆಣೆ ಎಲ್ಲ ಬೇಡ. ಹೊರಗಿನವರದು ಇದೇ ಆಯಿತು. ಬರುವಾಗ ಕೈ ಮುಗೀತೀರಿ, ಹೋಗುವಾಗ ಕೈ ಕೊಡ್ತೀರಿ. ಸಂಜೆಯೊಳಗೆ ನಿಮ್ಮಮ್ಮ ಇಲ್ಲಿಗೆ ಬರದಿದ್ರೆ ನಿಮ್ಮ ಮೇಲೆ ದೂರು ಕೊಡ್ತೀನಿ. ಇನ್ಸ್‌ಪೆಕ್ಟರೂ ಇಲ್ಲೇ ಇದಾರೆ, ಸುಲಭ ಆಯಿತು."

ಮಗಳ ಹಣೆಯಲ್ಲಿ ಬೆವರು ಒಡೆದಿತ್ತು. ಸಾಹೇಬರ ಬಾಯಿ ಬೈಯುತ್ತಲೇ ಇತ್ತು. ಕೈ ಮಾತ್ರ ಮೇಜಿನ ಮೇಲಿದ್ದ ಫ್ಯಾನಿನ ಕತ್ತು ಹಿಡಿದು, ಅದನ್ನು ಮೆಲ್ಲನೆ ಅವಳ ಕಡೆಗೆ ತಿರುಗಿಸಿತು.

ದೊಡ್ಡಮ್ಮ ಅದನ್ನು ನೋಡಿದರು. ಫ್ಯಾನಿನ ಗಾಳಿಯ ಜೊತೆ ಬಂದ ಇನ್ನೊಂದನ್ನೂ ಗಮನಿಸಿದರು. ಅಂಗಿಯ ತೋಳಿನ ಅಂಚಿನಲ್ಲಿ ಸಣ್ಣ ಜಿಡ್ಡಿನ ಕಲೆ. ಅಜ್ಜಿಯ ಹಿತ್ತಿಲ ಮೆಟ್ಟಿಲಿನ ವಾಸನೆ.

ಅವರು ಹಳದಿ ಪಟ್ಟಿಯನ್ನು ಮೇಜಿನ ಮೇಲಿಟ್ಟರು.

"ಇದು ಹಾಸಿಗೆ ಕೆಳಗೆ ಸಿಕ್ಕಿತು."

"ಹೋಗುವಾಗ ಕತ್ತರಿಸಿ ಬಿಸಾಕಿರ್ತಾರೆ."

"ಕತ್ತರಿಸಿಲ್ಲ. ನೋಡಿ."

ಸಾಹೇಬರು ನೋಡಲಿಲ್ಲ. ಪಟ್ಟಿಯ ಪಕ್ಕದಲ್ಲಿದ್ದ ಪೆನ್ನನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟರು. ಪೆನ್ನಿನ ಆಚೆ ಅವರ ಊಟದ ಡಬ್ಬಿ ಇತ್ತು. ಊಟದ ಹೊತ್ತು ಮೀರಿ ಎಷ್ಟೋ ಆಗಿತ್ತು. ಡಬ್ಬಿಯ ಮೇಲೆ ಕಟ್ಟಿದ್ದ ಕರವಸ್ತ್ರದ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಊಟ ಆಗಿಲ್ವಾ?"

"ಹಸಿವಿಲ್ಲ."

"ನಿನ್ನೆ ತಪಾಸಣೆ ಹೇಗಾಯಿತು?"

"ಚೆನ್ನಾಗಾಯಿತು. ಯಾಕೆ?"

"ಕಿಟಕಿ ಪಕ್ಕದ ಸೊಂಟದ ಅಜ್ಜಿ ಎಲ್ಲಿ ಹೋದರು?"

"ಮನೆಗೆ. ಊರಿನವರು, ಮನೆಗೆ ಹೋದರು."

"ಯಾರು ಬಂದಿದ್ರು ಕರ್ಕೊಂಡು ಹೋಗೋಕೆ?"

"ಅದೆಲ್ಲ ನಾನು ನೋಡ್ತಾ ಕೂರೋಕಾಗುತ್ತಾ ಅಮ್ಮಾ? ದಿನಕ್ಕೆ ನೂರು ಜನ ಹೋಗ್ತಾರೆ."

"ನೂರು ಜನ ಹೋಗೋ ಗೇಟಿನ ಬೀಗ ನೀವೇ ಅಂತಾರಲ್ಲ, ಅದಕ್ಕೆ ಕೇಳಿದೆ."

ಕೋಲು ಕೆಮ್ಮುವಂತೆ ಮಾಡಿ ನಗು ಮರೆಸಿದ. ಸಾಹೇಬರ ಮುಖ ಕೆಂಪಾಯಿತು. ಎದ್ದು ನಿಂತರು. "ನೀವು ಯಾರು ಇದನ್ನೆಲ್ಲ ಕೇಳೋಕೆ? ಈ ಕುರ್ಚಿಯಲ್ಲಿ ಒಂದು ದಿನ ಕೂತು ನೋಡಿ. ಮೇಲಿನವರು ಕೇಳ್ತಾರೆ, ನೀಲಿಯಲ್ಲಿ ನಷ್ಟ ಯಾಕೆ, ಹಳದಿಯಲ್ಲಿ ಲಾಭ ಯಾಕಿಲ್ಲ ಅಂತ. ಕೆಳಗಿನವರು ಕೇಳ್ತಾರೆ, ನಿಮಗೆ ಕರುಳಿಲ್ವಾ ಅಂತ. ನಾನು ಯಾರಿಗೆ ಉತ್ತರ ಕೊಡಲಿ?"

"ಇವಳಿಗೆ ಕೊಡಿ," ಎಂದರು ದೊಡ್ಡಮ್ಮ, ಮಗಳನ್ನು ತೋರಿಸಿ. "ಇವಳು ಒಂದೇ ಪ್ರಶ್ನೆ ಕೇಳ್ತಿದಾಳೆ. ಅಮ್ಮ ಎಲ್ಲಿ?"

ಮಗಳು ಅಳುತ್ತಿರಲಿಲ್ಲ. ಸೀರೆಯ ಸೆರಗಿನ ಅಂಚಿನಲ್ಲಿ ಬಿಟ್ಟುಹೋದ ಹೊಲಿಗೆಯೊಂದನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು.

ಸಾಹೇಬರು ಕುಳಿತುಕೊಂಡರು. ಅವರ ದನಿ ಇಳಿದಿತ್ತು. "ನನಗೆ ಗೊತ್ತಿಲ್ಲ." ಆಮೇಲೆ ಮೇಜನ್ನೇ ನೋಡುತ್ತ ಕೇಳಿದರು, "ಆ ಇಂಜೆಕ್ಷನ್... ಒಂದು ದಿನ ತಪ್ಪಿದರೆ ತುಂಬಾ ತೊಂದರೆಯಾ?"

ದೊಡ್ಡಮ್ಮ ನಿಧಾನವಾಗಿ ಪಟ್ಟಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು.

"ಒಂದು ದಿನಕ್ಕೆ ದೇವರು ಕಾಯಬಹುದು. ಎರಡನೇ ದಿನಕ್ಕೆ ಮನುಷ್ಯರೇ ಕಾಯಬೇಕು," ಎಂದು ಹೊರಬಂದರು.

*

ಮಗಳನ್ನು ಮೇಲೆ ಸಿಸ್ಟರ್ ಬಳಿ ಕೂರಿಸಿ, ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ನಿಂತರು. ಅಲ್ಲಿಂದ ಬಿಲ್ಲಿನ ವಿಭಾಗದ ಬಾಗಿಲು ಕಾಣುತ್ತಿತ್ತು.

"ಈಗಲೇ ಕಾಲರ್ ಹಿಡಿದು ಕೇಳಲಾ ಮೇಡಂ? ಇಂಜೆಕ್ಷನ್ ಸುದ್ದಿ ನಾವ್ಯಾರೂ ಅವನಿಗೆ ಹೇಳಿಲ್ಲ. ಮುದುಕಿಯೇ ಹೇಳಿರಬೇಕು."

"ಕೊನೆಯ ಬೆಂಚಿನವನು ಕೊನೆಗೂ ಪಾಠ ಕೇಳಿದ!" ದೊಡ್ಡಮ್ಮ ಕಂಬಿ ಹಿಡಿದು ಒಂದು ಮೆಟ್ಟಿಲ ಮೇಲೆ ಕುಳಿತರು. "ಹಾಗಾದರೆ ಕತ್ತರಿಯ ಪ್ರಶ್ನೆಗೂ ಉತ್ತರ ಹೇಳು."

ಕೋಲು ಟೋಪಿ ತೆಗೆದು ತಲೆ ಕೆರೆದುಕೊಂಡ. "ಕತ್ತರಿಸಿದರೆ ಮತ್ತೆ ಹಾಕೋಕಾಗಲ್ಲ..."

"ಅಷ್ಟೇ. ಹೊಸ ಪಟ್ಟಿ ಹಾಕಿದರೆ ಅದು ಲೆಕ್ಕದಲ್ಲಿ ಬರುತ್ತೆ. ತೆಗೆದವರಿಗೆ ಇದನ್ನೇ ಮತ್ತೆ ಹಾಕಬೇಕಿತ್ತು. ಕದ್ದುಕೊಂಡು ಹೋಗಿದ್ದಲ್ಲ, ಸಾಲ ತಗೊಂಡು ಹೋಗಿದ್ದು."

"ಮುದುಕೀನ ಸಾಲ ತಗೊಳ್ಳೋದಾ?"

"ಕೆಳಗೆ ಕಿಟಕಿ ಪಕ್ಕ ಊರಿನ ಒಬ್ಬ ಅಜ್ಜಿ ಇದಾರೆ, ಸೊಂಟದ ಆಪರೇಷನ್ ಆಗಿದೆ ಅಂತ ಆಸ್ಪತ್ರೆಯವರು ನಿಧಿಯಿಂದ ಗಂಟು ತಗೊಂಡಿದಾರೆ ಅಂತ ಇಟ್ಕೋ. ಆ ಅಜ್ಜಿ ನಿಜವಾಗಿ ಇರಲೇ ಇಲ್ಲ ಅಂತಾನೂ ಇಟ್ಕೋ. ತಪಾಸಣೆಯವರು ದಿಢೀರಂತ ಬಂದು, ಗಾಯ ತೋರಿಸಿ ಅಂದ್ರೆ?"

ಕೋಲಿನ ಕೈಯಲ್ಲಿದ್ದ ಟೋಪಿ ಹಾಗೇ ನಿಂತಿತು. "ನಿಜವಾದ ಗಾಯ ಇರೋ ಒಬ್ಬ ಅಜ್ಜಿ ಬೇಕು. ಮೇಲಿನ ವಾರ್ಡಲ್ಲಿ ಇದಾರೆ. ಹಳದಿ ಜಾರಿಸಿ ನೀಲಿ ಹಾಕಿದರೆ..."

"ಹೊರಗಿನವರು ಒಂದು ಬೆಳಗಿನ ಮಟ್ಟಿಗೆ ಊರಿನವರಾಗ್ತಾರೆ. ತಪಾಸಣೆ ಮುಗಿದ ಮೇಲೆ ವಾಪಸ್ ತಂದು ಮಲಗಿಸಿ, ಪಟ್ಟಿ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಆ ತಾಯಿಗೆ ಏನು ಹೇಳಿದರೋ. ಒಪ್ಪಿಕೊಂಡರೆ ಬೇಗ ಮನೆಗೆ ಕಳಿಸ್ತೀವಿ ಅಂದಿರಬಹುದು. ಮನೆಗೆ ಹೋಗೋ ಆಸೆಗೆ ಯಾರು ಕೈ ಕೊಡಲ್ಲ?"

"ಸರಿ. ಆದರೆ ವಾಪಸ್ ಯಾಕೆ ತರಲಿಲ್ಲ?"

"ಅದು ನನಗೂ ಗೊತ್ತಿಲ್ಲ ಮಗಾ. ಪಟ್ಟಿ ತೆಗೆದ ಕೈ ಅದನ್ನ ವಾಪಸ್ ಹಾಕೋಕೇ ಇಟ್ಟಿತ್ತು. ಮಧ್ಯದಲ್ಲಿ ಏನೋ ತಡೆದಿದೆ. ಇಲ್ಲಾ ಯಾರೋ ತಡೆದಿದಾರೆ. ಸಾಹೇಬರನ್ನ ಈಗ ಹೆದರಿಸಿದರೆ ಬಾಯಿ ಮುಚ್ಚಿಕೊಳ್ತಾರೆ, ಅಷ್ಟರಲ್ಲಿ ಸಂಜೆಯಾಗುತ್ತೆ. ಅವರ ಹಿಂದೆ ಬೇಡ, ಆ ಡಬ್ಬಿಯ ಹಿಂದೆ ಹೋಗೋಣ."

"ಡಬ್ಬಿಯ ಹಿಂದೆಯಾ?"

"ಕಟ್ಟಿಸಿಕೊಂಡು ಬಂದ ಊಟವನ್ನ ಮನುಷ್ಯ ಸುಮ್ಮನೆ ಬಿಡಲ್ಲ ಕಣೋ. ಹೊಟ್ಟೆ ಕೆಟ್ಟಿರಬೇಕು, ಇಲ್ಲಾ ಅದು ಬೇರೆ ಯಾರಿಗೋ ಇರಬೇಕು."

ಮಾತು ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಸಾಹೇಬರು ಎಡಬಲ ನೋಡಿ ಹೊರಟರು. ಕಂಕುಳಲ್ಲಿ ಕರವಸ್ತ್ರ ಕಟ್ಟಿದ ಡಬ್ಬಿ.

ಅವರು ಗೇಟಿನ ಕಡೆ ಹೋಗಲಿಲ್ಲ. ಕ್ಯಾಂಟೀನಿನ ಕಡೆಯೂ ಹೋಗಲಿಲ್ಲ. ಬಟ್ಟೆ ಒಗೆಯುವ ಕೋಣೆಯನ್ನು ಬಳಸಿ, ಸುಣ್ಣ ಬಳಿಯಲೆಂದು ಖಾಲಿ ಮಾಡಿದ್ದ ಹಳೆಯ ಕಟ್ಟಡದೊಳಕ್ಕೆ ನಡೆದರು. ಹಜಾರದಲ್ಲಿ ಏಣಿಗಳು, ಮುರಿದ ಮಂಚಗಳು, ಒಣಗಿದ ಸುಣ್ಣದ ಬಕೆಟ್ಟುಗಳು. ಮಧ್ಯಾಹ್ನದ ಬಿಸಿಲು ಒಡೆದ ಗಾಜಿನಿಂದ ನೆಲದ ಮೇಲೆ ಬಿದ್ದಿತ್ತು. ಧೂಳಿನಲ್ಲಿ ಗಾಲಿಕುರ್ಚಿಯ ಗೆರೆಗಳು ಒಳಗೆ ಹೋಗಿದ್ದವು. ಹೊರಗೆ ಬಂದಿರಲಿಲ್ಲ.

ಕೋಲು ಆ ಗೆರೆಗಳನ್ನು ಬೆರಳಿನಿಂದ ತೋರಿಸಿದ. ದೊಡ್ಡಮ್ಮ ತಲೆಯಾಡಿಸಿ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಒಂದು ಕಪಾಟಿನ ಮರೆಗೆ ಸರಿದರು.

ಹಳೆಯ ಎಕ್ಸ್‌ರೇ ಕೋಣೆಯ ಮುಂದೆ ಸಾಹೇಬರು ನಿಂತರು. ಜೇಬಿನಿಂದ ಬೀಗದಕೈ ತೆಗೆದರು. ಬೀಗ ಹೊರಗಿನಿಂದ ಹಾಕಿತ್ತು.

ಬಾಗಿಲು ಒಂದು ಗೇಣು ತೆರೆಯಿತು.

"ತಡವಾಯಿತು, ಕ್ಷಮಿಸಿ," ಎಂದರು ಸಾಹೇಬರು. ಬಿಲ್ಲಿನ ಕೋಣೆಯಲ್ಲಿ ಕೇಳಿದ ದನಿಯೇ ಅಲ್ಲ ಅದು. ಕರವಸ್ತ್ರದ ಗಂಟು ಬಿಚ್ಚಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಚಾಚಿದರು. "ಮಗಳು ಇಲ್ಲೇ ಇದಾಳಮ್ಮಾ. ಚೆನ್ನಾಗಿದಾಳೆ. ಇನ್ನು ಸ್ವಲ್ಪ ಹೊತ್ತು ಸದ್ದು ಮಾಡಬೇಡಿ. ನಿಮ್ಮನ್ನ ಇಲ್ಲಿಟ್ಟಿದೀನಿ ಅಂತ ಆಸ್ಪತ್ರೆಯ ಮೇಲಿನವರಿಗೆ ಗೊತ್ತಾಗಬಾರದು."

ಕೋಲು ಹುಬ್ಬೇರಿಸಿ ದೊಡ್ಡಮ್ಮನತ್ತ ನೋಡಿದ.

ಗಾಲಿಕುರ್ಚಿ ಕಿರ್ ಎಂದಿತು. ಬಾಗಿಲ ಸಂದಿಯ ಬೆಳಕಿಗೆ ಸುಕ್ಕುಗಟ್ಟಿದ ಒಂದು ಕೈ ಬಂತು. ಮಣಿಕಟ್ಟಿನಲ್ಲಿ ನೀಲಿ ಪಟ್ಟಿ. ಕಿರುಬೆರಳು ಸೊಟ್ಟ.

ದೊಡ್ಡಮ್ಮನ ಎದೆಯಿಂದ ಉಸಿರು ಹಗುರಾಗಿ ಹೊರಬಿತ್ತು. ತಾಯಿ ಬದುಕಿದ್ದಾರೆ. ಇಂಜೆಕ್ಷನ್ ಪಕ್ಕದ ಕಟ್ಟಡದಲ್ಲೇ ಇದೆ. ಅವರು ಕೋಲಿಗೆ ಮುಂದೆ ಹೋಗುವಂತೆ ಸನ್ನೆ ಮಾಡಲು ಕೈ ಎತ್ತಿದರು.

ಎತ್ತಿದ ಕೈ ಅಲ್ಲೇ ನಿಂತಿತು.

ಮುದುಕಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ. ಮುಚ್ಚಳ ತೆಗೆದು, ಬಿಸಿ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಕುರ್ಚಿಯಲ್ಲಿ ಕುಳಿತಂತೆಯೇ ಹಿಂದಕ್ಕೆ ತಿರುಗಿದರು. ಕತ್ತಲಿನಿಂದ ಇನ್ನೊಂದು ಕೈ ಮೇಲೆದ್ದಿತು. ಮೂಳೆ ಚಕ್ಕಳದ, ಗಂಡಸಿನ ಕೈ. ಅದರಲ್ಲಿ ಮಾಸಿಹೋದ ಒಂದು ಹಳದಿ ಪಟ್ಟಿ. ಯಾವ ಮಗಳೂ ಹುಡುಕಿಕೊಂಡು ಬಾರದ, ಯಾರೂ ಕಾಣೆಯಾಗಿದ್ದಾರೆಂದು ಹೇಳದ ಯಾರೋ ಒಬ್ಬರ ಕೈ.

"ಮೊದಲು ನೀನು ಉಣ್ಣಪ್ಪಾ. ನಿನ್ನ ಬಿಟ್ಟು ನಾನು ವಾರ್ಡಿಗೆ ವಾಪಸ್ ಹೋಗಲ್ಲ," ಎಂದು ಮುದುಕಿ ಪಿಸುಗುಟ್ಟಿ, ಡಬ್ಬಿಯನ್ನು ಆ ಕೈಗೆ ಕೊಟ್ಟರು.